ನೋಟ ಪರರಿಚ್ಛೆ, ಬಿಲ್ ಮಾತ್ರ ಅಪ್ಪನದು

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಆ 'ಪರರು' ಎಂದರೆ ಓಣಿಯ ಹತ್ತು ಮನೆಯವರು, ಜಾತ್ರೆ-ಮದುವೆಗಳಲ್ಲಿ ಎದುರಾಗುವ ನೆಂಟರು ಅಷ್ಟೇ. ಈಗ ಆ ಪರರ ಪಟ್ಟಿ ಬಹಳ ಬೆಳೆದಿದೆ. ಇನ್‌ಸ್ಟಾಗ್ರಾಂ ಫಾಲೋವರ್‌ಗಳು, ವಾಟ್ಸ್‌ಆ್ಯಪ್ ಸ್ಟೇಟಸ್ ನೋಡುವ ಸೋದರತ್ತೆಯ ಮಕ್ಕಳು, ಬೇರೆ ಸೆಕ್ಷನ್‌ನ ಹುಡುಗರು, ಇವರೆಲ್ಲರ ಇಚ್ಛೆಗೆ ತಕ್ಕಂತೆ ಉಡಬೇಕಾಗಿದೆ. ಆದರೆ ಪರರ ಇಚ್ಛೆಗೆ ಉಟ್ಟ ಬಟ್ಟೆಯ ದುಡ್ಡನ್ನು ಯಾರು ಕೊಡಬೇಕು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ 2023-24ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ಖರ್ಚು ₹4,122. ನಗರಗಳಲ್ಲಿ ₹6,996. ಹಳ್ಳಿಯ ಖರ್ಚಿನಲ್ಲಿ ಸುಮಾರು ಶೇ 6.6ರಷ್ಟು ಬಟ್ಟೆ, ಹಾಸಿಗೆ ಮತ್ತು ಪಾದರಕ್ಷೆಗೆ ಹೋಗುತ್ತದೆ. ಅಂದರೆ ತಿಂಗಳಿಗೆ ತಲೆಗೆ ₹270ರ ಆಸುಪಾಸು. ನಾಲ್ಕು ಜನರ ಮನೆಗೆ ವರ್ಷಕ್ಕೆ ಸುಮಾರು ₹13 ಸಾವಿರ. ಅದೇ ಹಳ್ಳಿಯ ಮನೆಗಳು ಶಿಕ್ಷಣಕ್ಕೆ ಮಾಡುವ ಖರ್ಚಿನ ಪಾಲು ಇದಕ್ಕಿಂತ ಕಡಿಮೆ ಎಂಬುದೂ ಆ ಸಮೀಕ್ಷೆಯಲ್ಲೇ ಇದೆ.

₹13 ಸಾವಿರ ಕೇಳಿದರೆ ದೊಡ್ಡ ಮೊತ್ತ ಅನ್ನಿಸುವುದಿಲ್ಲ. ಆದರೆ ಸರಾಸರಿ ಎಂಬುದು ಮನೆಯೊಳಗಿನ ಕಥೆಯನ್ನು ಮುಚ್ಚಿಡುತ್ತದೆ. ಆ ₹13 ಸಾವಿರ ನಾಲ್ಕು ಜನರಿಗೆ ಸಮನಾಗಿ ಹಂಚಿಹೋಗುವುದಿಲ್ಲ. ನಮ್ಮಂಥ ಬಹುತೇಕ ಮನೆಗಳಲ್ಲಿ ಮೊದಲ ಪಾಲು ಚಿಕ್ಕ ಮಕ್ಕಳಿಗೆ, ದೊಡ್ಡ ಪಾಲು ಕಾಲೇಜಿಗೆ ಹೋಗುವವರಿಗೆ. ಅಪ್ಪನಿಗೆ ದೀಪಾವಳಿಗೊಂದು ಅಂಗಿ. ಅಮ್ಮನಿಗೆ ಯಾರದೋ ಮದುವೆಯಲ್ಲಿ ಮುಯ್ಯಿಯಾಗಿ ಬಂದ ಸೀರೆ. ಅದರ ಜೊತೆ ಬಂದ ಜಂಪರ್ ಪೀಸಂತೂ ಹೊಲಿಗೆ ಯಂತ್ರವನ್ನೇ ಕಾಣದೆ, ಅರಿಶಿನ ಕುಂಕುಮದ ತಟ್ಟೆಯಲ್ಲಿ ಮನೆಯಿಂದ ಮನೆಗೆ ಪ್ರಯಾಣ ಮಾಡುತ್ತಲೇ ಇರುತ್ತದೆ. ಸೀರೆಗಿಂತ ಬ್ಲೌಸ್ ಹೊಲಿಗೆಯೇ ದುಬಾರಿಯಾಗಿರುವ ಈ ಕಾಲದಲ್ಲಿ ಅದನ್ನು ತಪ್ಪು ಎನ್ನಲೂ ಆಗದು.

ಮಕ್ಕಳ ಬಟ್ಟೆಯ ವಿಷಯಕ್ಕೆ ಬರೋಣ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಇರುವ ಮಗು ಒಂದು ವರ್ಷಕ್ಕೆ ಸುಮಾರು 75 ಸೆಂ.ಮೀ. ಆಗುತ್ತದೆ. ಇಷ್ಟು ವೇಗವಾಗಿ ಬೆಳೆಯುವ ಮಗುವಿಗೆ ಯಾವ ಬಟ್ಟೆಯೂ ಕೆಲವು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಇದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕೂಸಿಗೆ ಹಳೆಯ ಮೆತ್ತನೆಯ ಸೀರೆಯ ತುಂಡು, ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ. ಹೊಸದು ತಂದರೂ 'ಬೆಳೆಯೋ ಮಕ್ಕಳು, ಸ್ವಲ್ಪ ದೊಡ್ಡದೇ ಕೊಡಿ' ಎಂದು ಕೇಳಿ ತಂದು, ಅಂಚನ್ನು ಒಳಗೆ ಮಡಿಸಿ ಹೊಲಿದು, ವರ್ಷ ವರ್ಷ ಬಿಚ್ಚುತ್ತಿದ್ದರು. ಕೊನೆಗೆ ಉಳಿದ ಬಟ್ಟೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಾಗುತ್ತಿತ್ತು, ಇಲ್ಲವೇ ಬೀದಿಗೆ ಬರುವ ಪಾತ್ರೆಯವಳ ಬುಟ್ಟಿಗೆ ಬಿದ್ದು ಸ್ಟೀಲ್ ಡಬ್ಬಿಯಾಗಿ ಮರಳುತ್ತಿತ್ತು. ಇವತ್ತಿನ ಮೊದಲ ಹುಟ್ಟುಹಬ್ಬವನ್ನು ನೋಡಿ. ಬೆಳಿಗ್ಗೆ ಪೂಜೆಗೆ ಪಂಚೆ-ಶಲ್ಯ, ಸಂಜೆ ಕೇಕಿಗೆ ಕೋಟು-ಸೂಟು, ಫೋಟೊಗೆ ಮತ್ತೊಂದು, ಜೊತೆಗೆ ಅಪ್ಪ-ಅಮ್ಮನಿಗೂ ಅದೇ ಬಣ್ಣದ ಜೋಡಿ. ಕುತ್ತಿಗೆಗೆ ಜರಿ ಚುಚ್ಚಿ ಮಗು ಅಳುತ್ತಿದ್ದರೂ ಕ್ಯಾಮೆರಾದವನು 'ಸ್ಮೈಲ್' ಎನ್ನುತ್ತಿರುತ್ತಾನೆ. ಆ ಬಟ್ಟೆಯನ್ನು ಕೇಳಿದ್ದು ಮಗುವಲ್ಲ, ಅದು ಮಗುವಿಗೆ ನೆನಪಿರುವುದೂ ಇಲ್ಲ.

ಶಾಲೆಗೆ ಸೇರಿಸಿದ ಮೇಲೆ ಇನ್ನೊಂದು ಖರ್ಚು ಶುರು. ಸಮವಸ್ತ್ರದ ಉದ್ದೇಶವೇ ಬಡವ-ಬಲ್ಲಿದ ಭೇದ ಕಾಣದಿರಲಿ ಎಂಬುದು. ಆದರೆ ಎಷ್ಟೋ ಖಾಸಗಿ ಶಾಲೆಗಳಲ್ಲಿ ಸೋಮವಾರಕ್ಕೊಂದು, ಬುಧವಾರಕ್ಕೊಂದು, ಆಟದ ದಿನಕ್ಕೊಂದು ಜೊತೆ ಬೇಕು. ಅದನ್ನು ಅವರು ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು. ಬೆಲ್ಟು, ಟೈ, ಸಾಕ್ಸ್ ಮೇಲೂ ಶಾಲೆಯ ಗುರುತು ಇರಬೇಕು. ಒಮ್ಮೆ ನಿಗದಿ ಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸಬೇಕಿದ್ದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು ಎಂದು ನಮ್ಮ ರಾಜ್ಯದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳೇ ಹೇಳುತ್ತವೆ. ಈ ನಿಯಮ ಇರುವುದು ಎಷ್ಟು ಪೋಷಕರಿಗೆ ಗೊತ್ತು? ಇತ್ತ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಸಮವಸ್ತ್ರದ ಯೋಜನೆ ಇದೆ. ಆದರೆ ಎರಡು ಜೊತೆ ಕೊಡಿ ಎಂದು ಹೈಕೋರ್ಟ್ ಹೇಳಿದ ಮೇಲೂ ತಡವಾಗಿ, ಮತ್ತೆ ನ್ಯಾಯಾಲಯವೇ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಒಂದೇ ಜೊತೆ ಇರುವ ಮಗು ಮಳೆಗಾಲದಲ್ಲಿ ಏನು ಮಾಡಬೇಕು? ರಾತ್ರಿ ಒಗೆದು, ಒಲೆಯ ಮುಂದೆ ಒಣಗಿಸಿ, ಬೆಳಿಗ್ಗೆ ತೇವದಲ್ಲೇ ತೊಟ್ಟು ಹೋಗಬೇಕು. ಒಂದು ಕಡೆ ಮೂರು ಜೊತೆಯ ಹೊರೆ, ಇನ್ನೊಂದು ಕಡೆ ಎರಡನೆಯದಕ್ಕೆ ಕೋರ್ಟು!

ಇನ್ನು ನಮ್ಮದೇ ವಿಷಯ, ಅಂದರೆ ಕಾಲೇಜು. ಎಥ್ನಿಕ್ ಡೇ ಎಂದರೆ ಪಂಚೆ, ಸೀರೆ ಉಟ್ಟು ಸಂಭ್ರಮಿಸುವ ದಿನ ಎಂದುಕೊಂಡೇ ನಾನು ಮೊದಲ ವರ್ಷಕ್ಕೆ ಸೇರಿದ್ದು. ಆಮೇಲೆ ತಿಳಿಯಿತು, ಅದಕ್ಕೂ ಮೊದಲು ಒಂದು ಮೀಟಿಂಗ್ ನಡೆಯುತ್ತದೆ. ಈ ಸಲ ನಮ್ಮ ಬ್ರಾಂಚಿಗೆ ಯಾವ ಬಣ್ಣ, ಹುಡುಗರಿಗೆ ಯಾವ ಕುರ್ತಾ, ಹುಡುಗಿಯರಿಗೆ ಯಾವ ಬಗೆಯ ಸೀರೆ ಎಲ್ಲ ಅಲ್ಲೇ ತೀರ್ಮಾನ. 'ಬರೀ ಸಾವಿರದ ಇನ್ನೂರು, ಬಲ್ಕ್ ಆರ್ಡರ್' ಎಂದು ಗ್ರೂಪಿನಲ್ಲಿ ಮೆಸೇಜ್ ಬೀಳುತ್ತದೆ. ಹೆಬ್ಬೆರಳಿನ ಗುರುತುಗಳ ಸಾಲಿನ ನಡುವೆ 'ನನ್ನಿಂದ ಆಗುವುದಿಲ್ಲ' ಎಂದು ಬರೆಯುವ ಧೈರ್ಯ ಯಾರಿಗಿದೆ? ಕಳೆದ ವರ್ಷ ನಮ್ಮ ತರಗತಿಯ ಒಬ್ಬ ಅಂದು ಜ್ವರ ಎಂದು ಬರಲಿಲ್ಲ. ಮರುದಿನ ಲ್ಯಾಬಿಗೆ ಆರಾಮಾಗಿ ಬಂದ. ಯಾರೂ ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ಮನೆಯಲ್ಲಿ ಒಳ್ಳೆಯ ಬಿಳಿ ಪಂಚೆ ಇದ್ದೇ ಇತ್ತು. ನಮ್ಮ 'ಸಂಪ್ರದಾಯದ ದಿನ'ಕ್ಕೆ ಆ ಪಂಚೆಯೇ ಸಾಲದಾಯಿತು.

ಅಂತಿಮ ವರ್ಷಕ್ಕೆ ಬಂದರೆ ಪ್ಲೇಸ್‌ಮೆಂಟ್. ಫಾರ್ಮಲ್ ಪ್ಯಾಂಟು, ಶರ್ಟು, ಟೈ, ಕಪ್ಪು ಶೂ, ಕೆಲವೆಡೆ ಬ್ಲೇಜರ್ ಕಡ್ಡಾಯ. ಉತ್ತರ ಕರ್ನಾಟಕದ ಏಪ್ರಿಲ್ ಬಿಸಿಲಲ್ಲಿ ಬ್ಲೇಜರ್! ಶೈಕ್ಷಣಿಕ ಸಾಲ ತೆಗೆದು ಓದುತ್ತಿರುವವನಿಗೆ, ಕೆಲಸ ಸಿಗುವ ಮೊದಲೇ ಕೆಲಸದವನ ಹಾಗೆ ಕಾಣಲು ನಾಲ್ಕೈದು ಸಾವಿರ ಬೇಕು. ಕೋಡಿಂಗ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಅವನ ಕಾಲರ್ ನೋಡುವುದಿಲ್ಲ, ನಿಜ. ಆದರೆ ಸಂದರ್ಶನದ ಕೋಣೆಯಲ್ಲಿ ಎದುರಿಗೆ ಕೂತವರು ನೋಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ.

ಈ ಭಯವನ್ನೇ ಬಂಡವಾಳ ಮಾಡಿಕೊಂಡಿರುವುದು ಮಾರುಕಟ್ಟೆ. 'ಶೇ 70 ರಿಯಾಯಿತಿ' ಎಂದಾಗ ಆ ಶೇ 70 ಯಾವುದರ ಮೇಲೆ? ಎಂಆರ್‌ಪಿ ಮೇಲೆ. ಎಂಆರ್‌ಪಿ ನಿಗದಿ ಮಾಡುವವರು ಯಾರು? ಬಟ್ಟೆ ಮಾಡಿದವರೇ. ₹2,999 ಎಂದು ಅಚ್ಚು ಹಾಕಿ ₹899ಕ್ಕೆ ಕೊಟ್ಟರೆ, ನಾವು ₹2,100 ಉಳಿಸಿದ ಖುಷಿಯಲ್ಲಿರುತ್ತೇವೆ. ನಿಜವಾಗಿ ನಮ್ಮ ಜೇಬಿನಿಂದ ಹೋದದ್ದು ₹899. ಆ ಬಟ್ಟೆ ಬೇಡವಾಗಿದ್ದರೆ ಪೂರ್ತಿ ₹899 ನಷ್ಟ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5 ಮಾತ್ರ ಆಗಿದೆ. ಮೊದಲು ಆ ಮಿತಿ ₹1,000 ಇತ್ತು. ಒಳ್ಳೆಯದೇ. ಆದರೆ ತೆರಿಗೆಯಲ್ಲಿ ಉಳಿದ ನೂರು ರೂಪಾಯಿ ಮನೆಯಲ್ಲಿ ಉಳಿಯುತ್ತದೋ, ಕಾರ್ಟಿಗೆ ಇನ್ನೊಂದು ಟಿ-ಶರ್ಟ್ ಸೇರಿಸುತ್ತದೋ ಎಂಬುದು ನಮ್ಮ ಕೈಯಲ್ಲಿದೆ.

ಕೈಯಲ್ಲಿ ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ, 'ಈಗ ಕೊಳ್ಳಿ, ಆಮೇಲೆ ಕೊಡಿ' ಎಂಬ ಗುಂಡಿ ಇದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3ರಿಂದ 3.5 ಬಡ್ಡಿ ಸಾಮಾನ್ಯ. ವರ್ಷಕ್ಕೆ ಶೇ 36ರಿಂದ 42. ಊರಿನ ಮೀಟರ್ ಬಡ್ಡಿಯವನನ್ನು ಬೈಯುವ ನಾವು, ಶರ್ಟಿಗಾಗಿ ಈ ಬಡ್ಡಿಗೆ ಬೆರಳೊತ್ತಿ ಒಪ್ಪಿಗೆ ಕೊಡುತ್ತೇವೆ. ಕೆಲಸ ಹುಡುಕುತ್ತಿರುವ ಎಷ್ಟೋ ಜನರ ಮೊದಲ ಸಾಲ ಶುರುವಾಗುವುದು ಮನೆಗಾಗಿಯೋ ಓದಿಗಾಗಿಯೋ ಅಲ್ಲ, ಬಟ್ಟೆ ಮತ್ತು ಫೋನಿಗಾಗಿ. ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಕುಸಿದು, ನಾಳೆ ನಿಜವಾಗಿ ಸಾಲ ಬೇಕಾದಾಗ ಬ್ಯಾಂಕು ಬಾಗಿಲು ಹಾಕುತ್ತದೆ.

ಹಾಗಾದರೆ ಎಲ್ಲರೂ ಸರಳವಾಗಿ ಉಡಿ ಎಂದು ಉಪದೇಶ ಮಾಡಿದರೆ ಆಯಿತೇ? ಅಷ್ಟು ಸುಲಭವಿಲ್ಲ. ಗಾಂಧೀಜಿ 1921ರಲ್ಲಿ ಮದುರೆಯಲ್ಲಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು, ದೇಶದ ಬಡವರ ಜೊತೆ ನಿಲ್ಲಲು. ಅಂಬೇಡ್ಕರ್ ಸೂಟು-ಬೂಟು ತೊಟ್ಟರು. ಯಾರಿಗೆ ಒಳ್ಳೆಯ ಬಟ್ಟೆ ಉಡುವ ಹಕ್ಕನ್ನೇ ನಿರಾಕರಿಸಲಾಗಿತ್ತೋ ಅವರಿಗೆ ಆ ಸೂಟು ಘನತೆಯ ಗುರುತಾಯಿತು. ತಿರುವಾಂಕೂರಿನಲ್ಲಿ ನಾಡಾರ್ ಮಹಿಳೆಯರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿಯೇ ದಶಕಗಳ ಕಾಲ ಹೋರಾಡಿದರು, 1859ರಲ್ಲಿ ರಾಜಾಜ್ಞೆ ಹೊರಡುವವರೆಗೆ. ಹಾಗಾಗಿ ಹೊಸ ಬಟ್ಟೆಗೆ ಆಸೆಪಡುವ ಬಡ ಹುಡುಗನಿಗೆ 'ನಿನಗೇಕೆ ಶೋಕಿ' ಎನ್ನುವ ಹಕ್ಕು ಬೀರು ತುಂಬ ಬಟ್ಟೆ ಇರುವವರಿಗೆ ಇಲ್ಲ. ಸರಳತೆ ಆಯ್ಕೆಯಾದಾಗ ಮಾತ್ರ ಸರಳತೆ, ಬೇರೆ ದಾರಿಯಿಲ್ಲದೆ ಬಂದರೆ ಅದಕ್ಕೆ ಬಡತನ ಎಂದೇ ಹೆಸರು. ಆದ್ದರಿಂದ ಚೆನ್ನಾಗಿ ಉಡುವುದರ ಬಗ್ಗೆ ನನ್ನ ತಕರಾರಿಲ್ಲ. ಗುಂಪು ಹೇಳಿತೆಂದು, ಇಲ್ಲದವನನ್ನೂ ಎಳೆದುಕೊಂಡು ಎಲ್ಲರೂ ಖರ್ಚು ಮಾಡಲೇಬೇಕು ಎಂಬ ಒತ್ತಾಯದ ಬಗ್ಗೆ ಇದೆ.

ಇನ್ನೊಂದು ಮಾತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಮ್ಮ ಹಳ್ಳಿಗಳ ಅಕ್ಕಂದಿರು. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳಿವೆ. ನಾಲ್ಕು ಸಲ ಉಟ್ಟು ಎಸೆಯುವ ಬಟ್ಟೆಗೆ ಕೊಡುವ ದುಡ್ಡನ್ನು ಒಟ್ಟುಗೂಡಿಸಿ ಒಂದು ಇಳಕಲ್ ಸೀರೆ ಕೊಂಡರೆ, ಅದನ್ನು ಅಮ್ಮ ಉಟ್ಟು ಮಗಳಿಗೂ ಕೊಡಬಹುದು. ನೇಯ್ದವರ ಮನೆಯ ಒಲೆಯೂ ಉರಿಯುತ್ತದೆ.

ನಾನು ಓದುತ್ತಿರುವುದು ಎಂಜಿನಿಯರಿಂಗ್, ಆದ್ದರಿಂದ ಒಂದು ಸೂತ್ರ ಹೇಳಿಬಿಡುತ್ತೇನೆ. ಬೆಲೆಯನ್ನು ಎಷ್ಟು ಸಲ ತೊಡುತ್ತೇವೋ ಆ ಸಂಖ್ಯೆಯಿಂದ ಭಾಗಿಸಿ. ₹4,500ರ ಲೆಹೆಂಗಾ ಎರಡು ಸಲ ತೊಟ್ಟರೆ ಒಂದು ಸಲಕ್ಕೆ ₹2,250. ₹1,500ರ ಜೀನ್ಸ್ ನೂರೈವತ್ತು ಸಲ ತೊಟ್ಟರೆ ₹10. ₹1,200ರ ಎರಡು ಜೊತೆ ಸಮವಸ್ತ್ರ ಇನ್ನೂರು ದಿನಕ್ಕೆ ಬಂದರೆ ದಿನಕ್ಕೆ ₹6. ಅಂಗಡಿಯಲ್ಲಿ ಅಗ್ಗ ಅನ್ನಿಸಿದ್ದು ಯಾವುದು, ನಿಜವಾಗಿ ಅಗ್ಗ ಯಾವುದು ಎಂಬುದು ಭಾಗಾಕಾರದಲ್ಲಿ ತಿಳಿಯುತ್ತದೆ.

ಒಬ್ಬೊಬ್ಬರೇ ಲೆಕ್ಕ ಹಾಕಿದರೆ ಸಾಲದು, ಏಕೆಂದರೆ ಒತ್ತಡ ಬರುವುದು ಗುಂಪಿನಿಂದ. ಪರಿಹಾರವೂ ಗುಂಪಿನಿಂದಲೇ ಬರಬೇಕು. ಎಥ್ನಿಕ್ ಡೇಗೆ 'ಹೊಸದು ಕೊಳ್ಳುವಂತಿಲ್ಲ, ಮನೆಯ ಬೀರುವಿನಿಂದಲೇ ತರಬೇಕು' ಎಂಬ ಒಂದೇ ಷರತ್ತು ಹಾಕಿ ನೋಡಿ. ಅಜ್ಜನ ರುಮಾಲು, ಅಮ್ಮನ ಮದುವೆಯ ಸೀರೆ ಎಲ್ಲ ಹೊರಬರುತ್ತವೆ. ಅದಕ್ಕಿಂತ ಚೆಂದದ ಎಥ್ನಿಕ್ ಡೇ ಇದೆಯೇ? ಪ್ಲೇಸ್‌ಮೆಂಟ್ ವಿಭಾಗಗಳು ಗ್ರಂಥಾಲಯದ ಬುಕ್ ಬ್ಯಾಂಕ್ ಮಾದರಿಯಲ್ಲಿ, ಕೆಲಸ ಸಿಕ್ಕು ಹೋಗುವ ಹಿರಿಯರಿಂದ ಬ್ಲೇಜರ್, ಶೂ ಪಡೆದು ಕಿರಿಯರಿಗೆ ಕೊಡಲಿ. ಪ್ರತಿ ಶಾಲೆಯಲ್ಲಿ ಮೇ ತಿಂಗಳ ಒಂದು ದಿನ ಚಿಕ್ಕದಾದ ಸಮವಸ್ತ್ರಗಳ ವಿನಿಮಯ ನಡೆಯಲಿ. ಸಮವಸ್ತ್ರದ ಐದು ವರ್ಷದ ನಿಯಮವನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕುವಂತೆ ಶಿಕ್ಷಣ ಇಲಾಖೆ ಆದೇಶಿಸಲಿ. ಇವಕ್ಕೆಲ್ಲ ಬಜೆಟ್ ಬೇಡ, ಹೇಳುವವರೊಬ್ಬರು ಬೇಕು.

ಮುಂದಿನ ಸಲ ಗ್ರೂಪಿನಲ್ಲಿ 'ಬರೀ ಸಾವಿರದ ಇನ್ನೂರು' ಎಂಬ ಮೆಸೇಜ್ ಬಂದಾಗ, ಕೊಡಲು ಶಕ್ತಿ ಇರುವ ಒಬ್ಬರು ಮೊದಲು 'ಬೇಡ' ಎನ್ನಲಿ. ಇಲ್ಲದವನು ಹೇಳಿದರೆ ಅದು ಅವನ ಬಡತನವಾಗಿ ಕಾಣುತ್ತದೆ, ಇದ್ದವನು ಹೇಳಿದರೆ ಎಲ್ಲರ ಅಭಿಪ್ರಾಯವಾಗುತ್ತದೆ. ಆ ಒಂದು ಪದದಿಂದ ಯಾರದೋ ಮನೆಯಲ್ಲಿ ಒಂದು ವಾರದ ಸಂತೆ ಉಳಿಯಬಹುದು.