ನಿಬ್ಬು ಯಾರ ಅಕ್ಷರಕ್ಕೆ?

ಒಂದು ಶಾಯಿ ಪೆನ್ನಿನ ನಿಬ್ಬು ಕಿತ್ತು ಇನ್ನೊಂದಕ್ಕೆ ಹಾಕಿಕೊಳ್ಳುವುದು ಶೋಕಿಯೋ, ಅಗತ್ಯವೋ? ಕಂಪನಿಯವರು ಯೋಚಿಸಿಯೇ ಜೋಡಿಸಿರುತ್ತಾರೆ, ನಾವೇಕೆ ಕೈಯಾಡಿಸಬೇಕು ಎನ್ನುವವರೇ ಹೆಚ್ಚು. ಯೋಚಿಸಿರಬಹುದು. ಆದರೆ ಯಾರ ಅಕ್ಷರ ನೋಡಿ?

ಜಪಾನಿನ ಎಫ್ (ಫೈನ್, ಅಂದರೆ ಸಣ್ಣ) ನಿಬ್ಬು ಸಾಮಾನ್ಯವಾಗಿ ಯುರೋಪಿನ ಎಫ್‌ಗಿಂತ ಸಣ್ಣ ಗೆರೆ ಎಳೆಯುತ್ತದೆ. ಪುಟ್ಟ ಚೌಕದಲ್ಲಿ ಹತ್ತಾರು ಗೆರೆ ಹಿಡಿಸಬೇಕಾದ ಕಾಂಜಿ ಲಿಪಿ ಬರೆಯುವವರಿಗೆ ಅದೇ ಅನುಕೂಲ. ಕನ್ನಡಕ್ಕೂ ಅಂಥದೇ ಇಕ್ಕಟ್ಟು ಇದೆ. ದಪ್ಪ ನಿಬ್ಬಿನಲ್ಲಿ ‘ಠ’ದ ಚುಕ್ಕೆ ಸುತ್ತಿಗೆ ಅಂಟಿಕೊಳ್ಳುತ್ತದೆ, ‘ಧ’ದ ಸೀಳು ಮುಚ್ಚಿ ‘ದ’ ಆಗುತ್ತದೆ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ತಹಸೀಲ್ ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ಧನ’ ಮತ್ತು ‘ದನ’ ಒಂದೇ ಆದರೆ ನಗುವಂತಿಲ್ಲ.

ತುದಿಯನ್ನು ಬರೆಯುವವನೇ ಹದಮಾಡಿಕೊಳ್ಳುವುದು ಹೊಸದೂ ಅಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ ಆಡಳಿತ ಭಾಷೆ ಉರ್ದು. ಉರ್ದುವಿನ ನಸ್ತಾಲೀಖ್ ಬರಹಕ್ಕೆ ಕಲಮಿನ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ದುಂಡು ಕನ್ನಡಕ್ಕೆ ಆ ಓರೆ ಬೇಡ. ಚಾಕು ಬರೆಯುವವನ ಕೈಯಲ್ಲೇ ಇತ್ತು. ಲೋಹದ ನಿಬ್ಬು ಬಂದ ಮೇಲೆ ಆ ಅಧಿಕಾರ ಕಾರ್ಖಾನೆಗೆ ಹೋಯಿತು. ನಿಬ್ಬು ಬದಲಿಸುವವನು ಅದರಲ್ಲಿ ಒಂದಿಷ್ಟನ್ನು ವಾಪಸ್ ಕೇಳುತ್ತಿದ್ದಾನೆ, ಅಷ್ಟೆ.

ಕಂಪನಿ ಜೋಡಿಸಿದ್ದಕ್ಕೆ ಕೈಯಾಡಿಸಬಾರದೆಂಬ ಆಕ್ಷೇಪಣೆಯಲ್ಲೂ ಹುರುಳಿದೆ. ನಿಬ್ಬು ಒಂಟಿಯಾಗಿ ಬರೆಯುವುದಿಲ್ಲ. ಶಾಯಿ ಇಳಿಸುವುದು, ಗಾಳಿ ಒಳಬಿಡುವುದು ಅದರ ಕೆಳಗಿನ ನಾಲಿಗೆ. ಇವೆರಡರ ಬಾಗು ಕೂಡದಿದ್ದರೆ ಗೆರೆ ಒಣಗುತ್ತದೆ, ಇಲ್ಲವೇ ಹನಿ ಬೀಳುತ್ತದೆ. ನಾಲಿಗೆ ಎಬೊನೈಟಿನದಾದರೆ ಬಿಸಿನೀರಲ್ಲಿ ಅದ್ದಿ, ಮೆತ್ತಗಾದಾಗ ನಿಬ್ಬಿಗೆ ಒತ್ತಿ ಕೂರಿಸಬಹುದು. ಪ್ಲಾಸ್ಟಿಕ್ ಅಷ್ಟು ಸುಲಭವಾಗಿ ಬಗ್ಗದು. ನಿಬ್ಬಿನ ಅಳತೆ ಹೇಳುವ 5, 6 ಎಂಬ ಸಂಖ್ಯೆಗಳನ್ನೂ ಪೂರ್ತಿ ನಂಬುವಂತಿಲ್ಲ: ಜರ್ಮನಿಯ ನಿಬ್ಬು ತಯಾರಕರಾದ ಯೋವೊ, ಬಾಕ್ ಎರಡೂ 6 ಎಂದರೂ ಕೂರುವ ರೀತಿ ಕೂದಲೆಳೆಯಷ್ಟು ಬೇರೆ. ಮೂತಿ ಮುಚ್ಚಿದ ಹೀರೋ 616 ಪೆನ್ನಿನ ತಂಟೆಗೆ ಹೋಗದಿರುವುದೇ ಕ್ಷೇಮ. ಎಲ್ಲ ತೊಂದರೆಯೂ ನಿಬ್ಬಿನದಲ್ಲ: ಡ್ರಾಪರಿನಿಂದ ಶಾಯಿ ತುಂಬುವ ಪೆನ್ನು ಅರ್ಧ ಖಾಲಿಯಾಗಿದ್ದಾಗ ಕೈಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಶಾಯಿ ಕಕ್ಕುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಯಾವ ನಿಬ್ಬೂ ಮದ್ದಲ್ಲ.

ಬದಲಿಸುವುದೆಂದರೆ ಚಿನ್ನದ ನಿಬ್ಬಿಗೇ ಏರಬೇಕೆಂಬ ಭ್ರಮೆಯೂ ಇದೆ. ಹಟ್ಟಿಯ ಚಿನ್ನದ ಗಣಿ ಇದೇ ಜಿಲ್ಲೆಯದಾದ್ದರಿಂದ ಈ ಮಾತನ್ನು ಇಲ್ಲಿ ಸಲೀಸಾಗಿ ಆಡಬಹುದು: 14 ಕ್ಯಾರೆಟ್ ನಿಬ್ಬಿನಲ್ಲಿ ಬಂಗಾರ ಸುಮಾರು ಶೇಕಡಾ 58.5, ಕಾಗದ ಮುಟ್ಟುವ ತುದಿಯಲ್ಲಿ ಅದೂ ಇಲ್ಲ. ಅಲ್ಲಿರುವುದು ಸವೆಯದ ಗಟ್ಟಿ ಮಿಶ್ರಲೋಹ, ಒಳ್ಳೆಯ ಉಕ್ಕಿನ ನಿಬ್ಬಿಗೂ ಹಚ್ಚುವಂಥದೇ. ಕಾನ್ಪುರದಲ್ಲಿ ತಯಾರಾಗುವ ಉಕ್ಕಿನ ಸಣ್ಣ ನಿಬ್ಬು ದಿನನಿತ್ಯದ ಕನ್ನಡಕ್ಕೆ ಧಾರಾಳ ಸಾಕು.

ಹತ್ತು ರೂಪಾಯಿಯ ಜೆಲ್ ಪೆನ್ನಿದ್ದಾಗ ಈ ಉಸಾಬರಿ ಏಕೆ ಎಂದರೆ, ದಿನಕ್ಕೆ ನಾಲ್ಕು ಸಹಿ ಹಾಕುವವರಿಗೆ ಖಂಡಿತ ಬೇಡ. ಪುಟಗಟ್ಟಲೆ ಬರೆಯುವ ಮೇಷ್ಟ್ರಿಗೆ, ಅಡತ್ ಅಂಗಡಿಯಲ್ಲಿ ಖಾತೆಕೀರ್ದಿ ಕೈಯಲ್ಲೇ ಬರೆಯುವವರಿಗೆ ಲೆಕ್ಕ ಬೇರೆ. ಅಂಥವರಿಗಾಗಿಯಾದರೂ ಪೆನ್ನು ಮಾರುವ ಅಂಗಡಿಯವರು ನಿಬ್ಬನ್ನು ಬಿಡಿಯಾಗಿ ಇಡಲಿ. ಮಾರುವ ಮುಂಚೆ ಗಿರಾಕಿಯಿಂದ ಕನ್ನಡದಲ್ಲೇ ಎರಡು ಸಾಲು ಬರೆಸಿ ನೋಡಲಿ.