ಒಮ್ಮೆ ಹಾಕಿದ ಸಹಿ

ಗಡಿಯಲ್ಲಿ ಗುಂಡಿನ ಸದ್ದಾದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಏಳುತ್ತದೆ: ಎಲ್ಲ ಯುವಕರನ್ನೂ ಎರಡು ವರ್ಷ ಕಡ್ಡಾಯವಾಗಿ ಸೈನ್ಯಕ್ಕೆ ಕಳಿಸಬೇಕು. ಮದುವೆಯ ಊಟದ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತುಬಿಟ್ಟ ಕ್ಯಾಬಿನೊಳಗೆ ಈ ಮಾತು ಕೇಳಿಸುತ್ತದೆ. ಹೇಳುವವರಲ್ಲಿ ಹೆಚ್ಚಿನವರ ಮನಸ್ಸು ಒಳ್ಳೆಯದೇ. ಹುಡುಗರಿಗೆ ಶಿಸ್ತು ಬರುತ್ತದೆ, ಜಾತಿ ಮರೆಯುತ್ತದೆ, ದೇಶ ನಮ್ಮದೆನ್ನಿಸುತ್ತದೆ ಎಂಬ ಆಸೆ ಅವರದು. ಆ ಆಸೆಯನ್ನು ನಾನು ಗೌರವಿಸುತ್ತೇನೆ, ಆದರೆ ಆ ದಾರಿಯನ್ನು ಒಪ್ಪಲಾರೆ. ಒಪ್ಪದಿರುವುದಕ್ಕೆ ನನಗೆ ಕಾರಣಗಳನ್ನು ಕೊಟ್ಟವರು ಯುದ್ಧವಿರೋಧಿಗಳಲ್ಲ, ಮಾಜಿ ಸೈನಿಕರು.

ಯಲಹಂಕ ಮತ್ತು ಜಾಲಹಳ್ಳಿಯಲ್ಲಿ ವಾಯುಪಡೆಯ ಕೇಂದ್ರಗಳಿವೆ. ಜೆ.ಸಿ. ನಗರದ ಬಳಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಇವುಗಳ ಆಸುಪಾಸಿನ ಬಡಾವಣೆಗಳಲ್ಲಿ ನಿವೃತ್ತರಾದವರು ಅನೇಕರು ಮನೆ ಕಟ್ಟಿಕೊಂಡಿದ್ದಾರೆ. ಸೈನ್ಯಕ್ಕೆ ಸೇರಿದ್ದು ಹೇಗೆಂದು ಅವರನ್ನು ಕೇಳಿದರೆ ಮಾತು ಸಲೀಸಾಗಿ ಬರುತ್ತದೆ: ಭರ್ತಿಯ ಓಟ, ಎದೆಯ ಅಳತೆ, ಮೆಡಿಕಲ್ಲಿನಲ್ಲಿ ಹೊರಬಿದ್ದ ಗೆಳೆಯ. ವಾಪಸ್ ಕರೆ ಬಂದ ದಿನ ಹೇಗಿತ್ತೆಂದು ಕೇಳಿದರೆ ಮಾತು ನಿಧಾನವಾಗುತ್ತದೆ. ಪಕ್ಕದಲ್ಲಿ ಹೆಂಡತಿ ಇದ್ದರೆ ಕತೆಯನ್ನು ಆಕೆಯೇ ಮುಂದುವರಿಸುತ್ತಾಳೆ, ಏಕೆಂದರೆ ಆ ದಿನ ಅವರಿಗಿಂತ ಚೆನ್ನಾಗಿ ನೆನಪಿರುವುದು ಆಕೆಗೆ.

ಅಮೆರಿಕದವರಿಗೆ, ರಷ್ಯದವರಿಗೆ ಇರುವಂಥ ಕಡ್ಡಾಯ ಸೇವೆಯ ನೋಟಿಸಿನ ನೆನಪು ನಮ್ಮ ಮನೆಗಳಲ್ಲಿ ಇಲ್ಲ. ಎರಡನೆಯ ಮಹಾಯುದ್ಧಕ್ಕೆ ಹೋದ ಸುಮಾರು 25 ಲಕ್ಷ ಭಾರತೀಯರು ಕಾನೂನಿನ ಲೆಕ್ಕದಲ್ಲಿ ತಾವಾಗಿಯೇ ಸೇರಿದವರು. ಅದೇ ಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. ಜಾಲಹಳ್ಳಿಯಲ್ಲೂ ಅವರಿದ್ದರು. ಇಟಲಿಯಲ್ಲಿ ಸೇನೆ ಸೇರುವುದು ಕಡ್ಡಾಯವಾಗಿತ್ತು. ಬೇಲಿಯ ಒಳಗೆ ಹುಕುಂ ಬಂದು ಹೊರಟವನು, ಹೊರಗೆ ಸಹಿ ಹಾಕಿ ಸೇರಿದವನು. ಆದರೆ ಬರಗಾಲದ ಹಳ್ಳಿಯಿಂದ ಸಂಬಳಕ್ಕೂ ರೇಷನ್ನಿಗೂ ಬಂದವನ ಸಹಿಯನ್ನು ಸ್ವಂತ ಇಚ್ಛೆ ಎಂದು ಎಷ್ಟು ಗಟ್ಟಿಯಾಗಿ ಹೇಳಬಹುದು?

ನಮ್ಮಲ್ಲಿ ಆ ನೋಟಿಸಿಗೆ ತೀರ ಹತ್ತಿರವಾದದ್ದು ರಿಸರ್ವಿಸ್ಟರಿಗೆ ಬರುತ್ತಿದ್ದ ಕರೆ. 1960ರ ದಶಕದಲ್ಲಿ ಸಿಪಾಯಿಯೊಬ್ಬ ಸಾಮಾನ್ಯವಾಗಿ 7 ವರ್ಷ ಸಮವಸ್ತ್ರದಲ್ಲಿ ದುಡಿದು ಮನೆಗೆ ಬರುತ್ತಿದ್ದ, ಮುಂದಿನ 8 ವರ್ಷ ರಿಸರ್ವಿನಲ್ಲಿ ಇರುತ್ತಿದ್ದ. ಮನೆಯಲ್ಲಿದ್ದರೂ ಅವನ ಹೆಸರು ಪಟ್ಟಿಯಲ್ಲಿ ಇರುತ್ತಿತ್ತು. 1965ರಲ್ಲಿ, 1971ರಲ್ಲಿ ಅಂಥವರಿಗೆ ಕರೆ ಬಂತು. 18ನೇ ವಯಸ್ಸಿನಲ್ಲಿ ಸಹಿ ಹಾಕಿದವನು ಕರೆ ಬರುವ ಹೊತ್ತಿಗೆ ಆ ಹುಡುಗನಾಗಿ ಉಳಿದಿರುವುದಿಲ್ಲ. ಅಪ್ಪ ತೀರಿಕೊಂಡು ಜಮೀನು ಅವನ ಮೇಲೆ ಬಿದ್ದಿರುತ್ತದೆ, ಇಲ್ಲವೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇನ್ನೂ ಕಾಯಂ ಆಗಿರುವುದಿಲ್ಲ, ತೊಟ್ಟಿಲಲ್ಲಿ ಮಗುವಿರುತ್ತದೆ. ಸಹಿ ಮಾತ್ರ ಹಳೆಯದೇ. ಸೇರುವುದು ಸ್ವಇಚ್ಛೆಯಿಂದ ಎನ್ನುವ ನಮ್ಮ ಹೆಮ್ಮೆ ಅರ್ಧ ನಿಜ. ಮೊದಲ ದಿನ ಇಚ್ಛೆ ಅವನದು, ಉಳಿದ ದಿನಗಳು ಸರ್ಕಾರದವು. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಅಂಥ ಕರಾರಿಲ್ಲದೆ ಯಾವ ಸೈನ್ಯವೂ ನಡೆಯದು. ಆ ಕರಾರಿನ ಭಾರ ಎಷ್ಟೆಂದು ಹೊರಗಿನವರಾದ ನಮಗೆ ಗೊತ್ತಿರಬೇಕು ಎನ್ನುವುದಷ್ಟೇ ನನ್ನ ಮಾತು.

ರಜೆಯಲ್ಲಿದ್ದವರಿಗೆ ಬರುತ್ತಿದ್ದದ್ದು ತಂತಿ. ನಮ್ಮ ಹಳ್ಳಿಗಳಲ್ಲಿ ತಂತಿ ಬಂತೆಂದರೆ ಸಾವಿನ ಸುದ್ದಿ ಎಂದೇ ಮೊದಲು ಅನ್ನಿಸುತ್ತಿತ್ತು. ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಓದಿದ ಮೇಲೆ, ಸತ್ತವರು ಯಾರೂ ಇಲ್ಲ, ರಜೆ ರದ್ದಾಗಿದೆ, ಯೂನಿಟ್ಟಿಗೆ ವಾಪಸಾಗಬೇಕು ಎಂದು ತಿಳಿದು ಒಂದು ಕ್ಷಣ ಸಮಾಧಾನ. ಮರುಕ್ಷಣ ಬೇರೆ ಬಗೆಯ ಭಯ. 1971ರ ಡಿಸೆಂಬರ್ 3ರ ರಾತ್ರಿ ಪ್ರಧಾನಿ ರೇಡಿಯೊದಲ್ಲಿ ಮಾತನಾಡಿದ್ದನ್ನು ಕೇಳಿ ಟ್ರಂಕು ಕಟ್ಟಿದವರಿಗೆ ತಂತಿಯೂ ಬೇಕಾಗಲಿಲ್ಲ. 1999ರಲ್ಲಿ, ಕಾರ್ಗಿಲ್ ಹೊತ್ತಿಗೆ, ಆ ಕೆಲಸವನ್ನು ಪಕ್ಕದ ಮನೆಯ ಫೋನೂ ಮಾಡಿತು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತಿತು. ಕಾಗದದ ಬದಲು ಈಗ ಮೊಬೈಲಿಗೆ ಕರೆ ಬರುತ್ತದೆ. ನೆಂಟರಿಗೆ ಹೇಳಲು, ನಿಶ್ಚಿತಾರ್ಥ ಮುಂದೂಡಲು, ಸಾಲದ ಕಂತಿನ ಲೆಕ್ಕ ಹೆಂಡತಿಗೆ ಒಪ್ಪಿಸಲು ಸಿಗುವ ಸಮಯ ಮೊದಲಿಗಿಂತಲೂ ಕಡಿಮೆಯಾಗಿದೆ. ನಾನು ಕೇಳಿದ ನೆನಪುಗಳಲ್ಲಿ ರಣರಂಗದ ಮಾತಿಗಿಂತ ಇಂಥ ಅರ್ಧಕ್ಕೆ ಬಿಟ್ಟ ಮನೆಗೆಲಸದ ಮಾತೇ ಹೆಚ್ಚು.

ಸಹಿ ಒಬ್ಬರಿಗೆ, ಕರೆ ಇನ್ನೊಬ್ಬರಿಂದ ಬರುವುದೂ ಉಂಟು. ಆರ್.ಟಿ. ನಗರಕ್ಕೆ ಅಂಟಿಕೊಂಡ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಆ ಕುದುರೆ ಸವಾರರು ಮೈಸೂರು ಮಹಾರಾಜರ ಉಪ್ಪುಂಡವರು. 1914ರಲ್ಲಿ ಅವರನ್ನು ಈಜಿಪ್ಟಿಗೆ ಹಡಗು ಹತ್ತಿಸಿದ್ದು ಬ್ರಿಟಿಷ್ ಸಾಮ್ರಾಜ್ಯದ ಯುದ್ಧ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರದವರ ಜತೆ ಅವರು ಮಾಡಿದ ದಾಳಿಯನ್ನು ಇಂದಿಗೂ ನೆನೆಯುತ್ತೇವೆ, ನೆನೆಯಬೇಕು ಕೂಡ. ಹೈಫಾ ಎಲ್ಲಿದೆಯೆಂದು ಅವರಲ್ಲಿ ಎಷ್ಟು ಜನಕ್ಕೆ ಮೊದಲೇ ಗೊತ್ತಿದ್ದೀತು ಎಂಬುದನ್ನೂ ಅದರ ಜತೆ ನೆನೆಯಬೇಕು. ಸಿಂಗಪುರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದರ ಇನ್ನೊಂದು ರೂಪ ಗೊತ್ತು. ಅಲ್ಲಿ 1967ರಿಂದ ರಾಷ್ಟ್ರೀಯ ಸೇವೆ ಕಡ್ಡಾಯ. ಕಾಯಂ ವಾಸದ ಅರ್ಜಿಗೆ ಸಹಿ ಅಪ್ಪನದು, ಕರೆ ಬರುವುದು ಮಗನಿಗೆ. ಕಲಬುರಗಿ ಜಿಲ್ಲೆಯ ಕೆಲವು ಯುವಕರ ಕತೆ ಇನ್ನೂ ಕಹಿ. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಕ್ಕೆ ಹೋದವರು ಉಕ್ರೇನ್ ಯುದ್ಧದ ನಡುವೆ ಸಿಕ್ಕಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ಅವರು ಊರಿಗೆ ಮರಳುವವರೆಗೆ ಮನೆಯವರು ಜೀವ ಕೈಯಲ್ಲಿ ಹಿಡಿದು ಕಾದರು.

ಕಡ್ಡಾಯ ಸೇವೆಗೆ ನಮ್ಮ ಸಂವಿಧಾನ ಅಡ್ಡಬರುವುದಿಲ್ಲ. 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದರೂ, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ದಾರಿ ಬಿಟ್ಟಿದೆ. ಆದರೆ ಧರ್ಮ, ಜನಾಂಗ, ಜಾತಿ, ವರ್ಗಗಳ ಕಾರಣಕ್ಕೆ ಅದರಲ್ಲಿ ಭೇದ ಮಾಡಕೂಡದೆಂದು ಷರತ್ತು ಹಾಕಿದೆ. ಕರೆ ಬಂದಾಗ ರಾಷ್ಟ್ರಸೇವೆ ಮಾಡುವುದು ಕರ್ತವ್ಯವೆಂದು 1976ರಲ್ಲಿ ಸೇರಿದ 51ಎ ವಿಧಿ ಹೇಳುತ್ತದೆ. ವೈದ್ಯರನ್ನೂ ಎಂಜಿನಿಯರರನ್ನೂ ನೋಂದಾಯಿಸಿ ಸೇವೆಗೆ ಕರೆಯಲು 1972ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದರು. 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಕಷ್ಟವಿರುವುದು ಆ ವರ್ಗಭೇದದ ಷರತ್ತಿನಲ್ಲಿ. ಅಮೆರಿಕ 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಗಳನ್ನು 366 ನೀಲಿ ಗುಳಿಗೆಗಳಲ್ಲಿ ತುಂಬಿ ಲಾಟರಿ ಎತ್ತಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಚೀಟಿ ಎತ್ತುವುದಕ್ಕಿಂತ ನ್ಯಾಯವಾದ ಕ್ರಮ ಇನ್ನೇನಿದೆ ಎನ್ನಿಸೀತು. ಆದರೆ ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಆಗಲೂ ಮುಂದೂಡಿಕೆ ಸಿಗುತ್ತಿತ್ತು. ಫೀಸು ಕಟ್ಟಲಾಗದವನ ಮಗ ವಿಯೆಟ್ನಾಮಿಗೆ ಮೊದಲು ಹೋದ. 1973ರಲ್ಲಿ ಆ ದೇಶ ಕಡ್ಡಾಯ ಭರ್ತಿಯನ್ನೇ ಕೈಬಿಟ್ಟಿತು. ಒಂದು ಮೆಡಿಕಲ್ ಸರ್ಟಿಫಿಕೇಟು, ಒಂದು ಶಿಫಾರಸು ಪತ್ರ ನಮ್ಮಲ್ಲಿ ಏನೇನು ಮಾಡಬಲ್ಲದೆಂದು ಬಲ್ಲ ಯಾರೇ ಆಗಲಿ, ಕಡ್ಡಾಯ ಸೇವೆ ಇಲ್ಲಿ ಜಾತಿ ಮರೆಸುತ್ತದೆ ಎಂದು ನಂಬುವುದು ಹೇಗೋ ನನಗೆ ತಿಳಿಯದು. ಸಹಿಯ ಆಯ್ಕೆಯೂ ಇಲ್ಲದ ಹುಡುಗರು ಯಾರ ಮನೆಯವರಾಗಿರುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಸಹಿ ಹಾಕಿದವರ ಋಣವಾದರೂ ಸರಿಯಾಗಿ ತೀರುತ್ತಿದೆಯೇ? ಹಳೆಯ ಪದ್ಧತಿಯಲ್ಲಿ 7 ಮತ್ತು 8 ಸೇರಿ 15 ವರ್ಷವಾದರೆ ಸಣ್ಣದಾದರೂ ರಿಸರ್ವಿಸ್ಟ್ ಪಿಂಚಣಿ ಇತ್ತು. ಕರೆಯುವ ಹಕ್ಕನ್ನು ಇಟ್ಟುಕೊಂಡವರು ಅನ್ನ ಹಾಕುವ ಹೊಣೆಯನ್ನೂ ಹೊತ್ತಿದ್ದರು. 2022ರ ಜೂನ್ 14ರಂದು ಘೋಷಿಸಿದ ಅಗ್ನಿಪಥದಲ್ಲಿ 4 ವರ್ಷದ ಸೇವೆ, ಹೆಚ್ಚೆಂದರೆ ಶೇ. 25 ಮಂದಿಗೆ ಮುಂದುವರಿಕೆ. ಉಳಿದವರಿಗೆ ಒಂದು ಗಂಟು ಹಣವಿದೆ, ಪಿಂಚಣಿಯಿಲ್ಲ. 22–23ರ ವಯಸ್ಸಿನಲ್ಲಿ ಮನೆಗೆ ಬರುವ ಆ ಹುಡುಗರಿಗೆ ಕೆಲಸ ಕೊಡುವವರು ನಾವೇ. ಕಡ್ಡಾಯ ಸೇವೆ ಬೇಕೆನ್ನುವ ಉತ್ಸಾಹ ಮೊದಲು ಇಲ್ಲಿ ಕಾಣಬೇಕಿತ್ತು.

ಇನ್ನೂ ಹತ್ತಿರದ ಪರೀಕ್ಷೆ ಟೆರಿಟೋರಿಯಲ್ ಆರ್ಮಿಯದು. ಅದರಲ್ಲಿರುವವರು ಬೇರೆ ಉದ್ಯೋಗದಲ್ಲಿದ್ದುಕೊಂಡೇ ಬೇಕಾದಾಗ ಸಮವಸ್ತ್ರ ತೊಡುವವರು. 2025ರ ಮೇ 6ರ ಆದೇಶದಲ್ಲಿ ಕೇಂದ್ರ ಸರ್ಕಾರ ಅವರನ್ನು ಕರೆಯುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು, 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಸಜ್ಜುಗೊಳಿಸಲು ಒಪ್ಪಿತು. ಹಾಗೆ ಹೋದವನಿಗೆ ಮರಳಿದ ಮೇಲೆ ಅವನ ಕೆಲಸವನ್ನು ಮಾಲೀಕ ವಾಪಸ್ ಕೊಡಬೇಕೆಂದು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯಲ್ಲೇ ಇದೆ. ನಾಗವಾರದಿಂದ ಯಶವಂತಪುರದವರೆಗಿನ ಎಷ್ಟು ಕಚೇರಿಗಳ ಎಚ್‌ಆರ್ ವಿಭಾಗಕ್ಕೆ ಇದು ಗೊತ್ತಿದೆ? ಕಡ್ಡಾಯ ಸೇವೆಯ ಪರವಾಗಿ ಮಾತನಾಡುವ ಗೆಳೆಯರನ್ನು ನಾನು ಈಗ ಮೊದಲು ಕೇಳುವುದು ಇದನ್ನೇ: ನಿಮ್ಮ ಕಂಪನಿಯಲ್ಲಿ ಇಂಥವನೊಬ್ಬನಿಗೆ ನಾಳೆ ಕರೆ ಬಂದರೆ ಅವನ ಸೀಟು ಖಾಲಿ ಇಟ್ಟು ಕಾಯುತ್ತೀರಾ, ಆ ತಿಂಗಳುಗಳಲ್ಲಿ ಅವನ ಮನೆಯವರ ಆಸ್ಪತ್ರೆ ವಿಮೆಯನ್ನು ಮುಂದುವರಿಸುತ್ತೀರಾ?