ಶಿಲ್ಪವೂ ಷಟ್ಕರ್ಮವೇ

ಭಗವಾನ್ ವೃಷಭನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಆದಿಪುರಾಣವು ಸಾರುತ್ತದೆ. ಜೈನ ಸಮಾಜವಾದರೋ ವಾಣಿಜ್ಯವನ್ನು ಪುರಸ್ಕರಿಸಿ, ಕೈಕಸುಬಾದ ಶಿಲ್ಪವನ್ನು ಹೊಸ್ತಿಲಾಚೆ ನಿಲ್ಲಿಸಿದೆ. ಪದವಿ ಓದುವವನಿಗೆ ವಿದ್ಯಾರ್ಥಿವೇತನ, ಐ.ಟಿ.ಐ. ಸೇರಿದವನಿಗೆ ಬರಿಯ ಅನುಕಂಪ.

ರಾಯಚೂರು ಜಿಲ್ಲೆಯ ವಳಕಮದಿನ್ನಿಯಂತಹ ಹಳ್ಳಿಯ ಹುಡುಗನು ತರಬೇತಿಗಾಗಿ ಲಿಂಗಸುಗೂರು, ಸಿಂಧನೂರುಗಳತ್ತ ಬಸ್ಸು ಹಿಡಿಯಬೇಕು. ಬಸ್ಸು ತಪ್ಪಿದ ದಿನದ ಪಾಠವನ್ನು ಪುಸ್ತಕದಿಂದ ತುಂಬಿಕೊಳ್ಳಬಹುದು, ಕೈಯ ಅಭ್ಯಾಸವನ್ನಲ್ಲ. 2022ರಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು ನವೀಕರಣಗೊಂಡವು. ಯಂತ್ರ ಬಂದರೆ ಸಾಲದು. ಹುಡುಗನು ಯಂತ್ರದ ಮುಂದೆ ನಿಲ್ಲುವಂತಾಗಬೇಕು.

ಅರೆಬರೆ ಕಲಿತವನು ಜೋಡಿಸಿದ ವಿದ್ಯುತ್ ತಂತಿ ಜೀವ ತೆಗೆದೀತು. ಹಿಂಸೆಯ ಮೂಲ ಪ್ರಮಾದವೆಂದು ತತ್ತ್ವಾರ್ಥಸೂತ್ರವು ಎಚ್ಚರಿಸುವಾಗ, ಆ ಪ್ರಮಾದದಲ್ಲಿ ಸಮಾಜದ ಪಾಲಿಲ್ಲವೆ? ಬಸದಿಯ ಟ್ರಸ್ಟುಗಳು ಕಲಶದ ಸವಾಲು ಕೂಗುವ ಮುನ್ನ ಇಂತಹ ಒಬ್ಬನಿಗೆ ವಸತಿ, ಉಪಕರಣಗಳನ್ನು ಒದಗಿಸಲಿ. ಅದು ಶಾಸ್ತ್ರದಾನ, ಅಭಯದಾನವೂ ಹೌದು.